ಅಭಿಷೇಕತೈಲ: ಕ್ರೈಸ್ತವೇದದಲ್ಲಿ ಅದರ ಪ್ರಯೋಗವೂ ತಾತ್ಪರ್ಯವೂ

ಕ್ರೈಸ್ತವೇದದ ಕನ್ನಡ ಭಾಷಾಂತರವನ್ನೋದುವವರಿಗೆ 'ಅಭಿಷೇಕ' ಎಂಬ ಶಬ್ದವು ಪದೇ ಪದೇ ಎದುರಾಗುವುದು. ಈ ಶಬ್ದವು 'ಸಿಚ್' ಧಾತುವಿನಿಂದ ನಿಷ್ಪನ್ನವಾಗಿ, ಜಲಾದಿಗಳನ್ನು ಮೇಲಿನಿಂದ ಸುರಿಯುವ ಕ್ರಿಯೆಯನ್ನು ಬೋಧಿಸತಕ್ಕದ್ದು. ಇದಕ್ಕೆ ಮೂಲವಾದ ಹೀಬ್ರೂ ಧಾತುವಾದರೋ 'ಮಾಶಹ್'. ಅದಕ್ಕೆ ಸವರು, ಬಳಿ, ಲೇಪಿಸು ಎಂದು ಅರ್ಥ. ಗುರಾಣಿಗೆ ಎಣ್ಣೆ ಸವರುವುದಕ್ಕೂ (ಯೆಶಾಯ 21:5), ಅರಮನೆಗೆ ಕೆಂಪು ಬಣ್ಣ ಬಳಿಯುವುದಕ್ಕೂ (ಯೆರೆಮೀಯ 22:14) ಅದೇ ಧಾತು ಪ್ರಯುಕ್ತವಾಗಿದೆ. ಹಾಗಾದರೆ ಭಾಷಾಂತರಕಾರರು ಲೇಪನವನ್ನು ಸೇಚನವನ್ನಾಗಿ ಮಾಡಿ ತಪ್ಪಿದರೇ ಎಂಬ ಶಂಕೆಯು ಸಹಜವಾದುದು.

ಶಬ್ದದೃಷ್ಟಿಯಿಂದ ನೋಡಿದರೆ 'ಅಭ್ಯಂಜನ'ವೇ ಸಮೀಪತರವಾದ ಪದ. ಲ್ಯಾಟಿನ್ ಭಾಷೆಯಲ್ಲಿ ಇದೇ ಕ್ರಿಯೆಗೆ ಸಲ್ಲುವ 'ಉಂಗ್ವೆರೆ' ಎಂಬ ಧಾತುವು ಸಂಸ್ಕೃತದ 'ಅಂಜ್' ಧಾತುವಿನ ಸೋದರವೆಂಬುದು ಭಾಷಾಶಾಸ್ತ್ರಜ್ಞರಿಗೆ ಸಂಮತವಾಗಿದೆ. ಅಂಜನ, ವ್ಯಂಜನ, ಆಜ್ಯಗಳು ಹುಟ್ಟಿದ ಧಾತುವೂ ಅದೇ. ಸೋಮಯಾಗದ ದೀಕ್ಷೆಯಲ್ಲಿ ಯಜಮಾನನಿಗೆ ನವನೀತದಿಂದ ಅಭ್ಯಂಜನವುಂಟು. ದೀಕ್ಷಿತನು ಪುನಃ ಗರ್ಭಸ್ಥನಾಗುವನೆಂದೂ ನವನೀತವು ಗರ್ಭಗಳಿಗೆ ಸಲ್ಲತಕ್ಕದ್ದೆಂದೂ ಐತರೇಯ ಬ್ರಾಹ್ಮಣವು ಹೇಳುತ್ತದೆ. ಲೇಪನದಿಂದ ಮನುಷ್ಯನು ಬೇರೊಂದು ಸ್ಥಿತಿಗೆ ಸೇರುವನೆಂಬ ಭಾವವು ಎರಡೆಡೆಯಲ್ಲಿಯೂ ಕಾಣುವುದು. ಆದರೆ ಕನ್ನಡಿಗನ ಕಿವಿಗೆ ಅಭ್ಯಂಜನವೆಂದರೆ ಹಬ್ಬದ ದಿನದ ಎಣ್ಣೆನೀರಿನ ಸ್ನಾನ. ಅರಸುತನವನ್ನೂ ಯಾಜಕತ್ವವನ್ನೂ ಆ ಪದವು ಸೂಚಿಸಲಾರದು. ಮೇಲಾಗಿ ಆರೋನನ ತಲೆಯ ಮೇಲೂ (ಯಾಜಕಕಾಂಡ 8:12) ಸೌಲನ ತಲೆಯ ಮೇಲೂ (1 ಸಮುವೇಲ 10:1) ತೈಲವನ್ನು ಸುರಿದರೆಂದೇ ಮೂಲದಲ್ಲಿದೆ. ಆದುದರಿಂದ ಅಭಿಷೇಕಶಬ್ದವು ಕ್ರಿಯೆಗೆ ಅರ್ಧ ಹೊಂದಿಯೂ ಫಲಕ್ಕೆ ಪೂರ್ಣವಾಗಿ ಹೊಂದಿಯೂ ಇರುವುದೆನ್ನಬೇಕು.

ಈ ತೈಲದ ಪಾಕವಿಧಿಯು ವಿಮೋಚನಕಾಂಡದ 30ನೆಯ ಅಧ್ಯಾಯದಲ್ಲಿ ಉಕ್ತವಾಗಿದೆ. ರಕ್ತಬೋಳ 500 ಶೆಕೆಲ್, ದಾಲ್ಚಿನ್ನಿ 250, ಸುಗಂಧದ ದಂಟು 250, ದಾಲ್ಚಿನ್ನಿಯ ಜಾತಿಗೇ ಸೇರಿದ ಇನ್ನೊಂದು ತೊಗಟೆ 500. ಇವಕ್ಕೆ ಆಲಿವ್ ಎಣ್ಣೆ ಕೇವಲ ಒಂದು ಹಿನ್. ಈ ಮರವನ್ನೇ ಕನ್ನಡ ಬೈಬಲು 'ಎಣ್ಣೆಮರ'ವೆಂದು ಕರೆದಿದೆ. ನಮ್ಮ ವೈದ್ಯಶಾಸ್ತ್ರದ ತೈಲಪಾಕದಲ್ಲಿ ಕಲ್ಕಕ್ಕೆ ನಾಲ್ಮಡಿ ಸ್ನೇಹವಿರಬೇಕೆಂಬುದು ಸಾಮಾನ್ಯ ನಿಯಮ. ಇಲ್ಲಿ ದ್ರವ್ಯಗಳೇ ಎಣ್ಣೆಯನ್ನು ಮೀರಿವೆ. ಇಷ್ಟೊಂದು ದ್ರವ್ಯವನ್ನು ಇಷ್ಟು ಸ್ವಲ್ಪ ಎಣ್ಣೆಯು ಹೇಗೆ ತಾಳೀತೆಂದು ಯೆಹೂದ್ಯ ಪಂಡಿತರೇ ತಾಲ್ಮುದಿನಲ್ಲಿ ಚರ್ಚಿಸಿ, ಬೇರುಗಳನ್ನು ನೀರಿನಲ್ಲಿ ನೆನೆಸಿ ಅದರ ಮೇಲೆ ಎಣ್ಣೆಯನ್ನು ಹಾಕಿ ಪರಿಮಳವನ್ನು ಮಾತ್ರ ಗ್ರಹಿಸಿಕೊಳ್ಳುತ್ತಿದ್ದರೆಂಬ ಪಕ್ಷವನ್ನೂ ಹೇಳಿದ್ದಾರೆ. ಈ ತೈಲವನ್ನು ಸಾಮಾನ್ಯರ ಮೈಮೇಲೆ ಹೊಯ್ಯಕೂಡದು. ಅದರಂತೆ ಬೇರೊಂದನ್ನು ಕಲಸಿದವನು ಕುಲದಿಂದ ಬಹಿಷ್ಕೃತನಾಗತಕ್ಕವನು. ಗುಡಾರ, ಮಂಜೂಷ, ದೀಪಸ್ತಂಭ, ವೇದಿಕೆ, ಪಾತ್ರೆಗಳಿಗೂ ಇದರ ಲೇಪನವುಂಟಾದುದರಿಂದ, ಲೌಕಿಕ ವ್ಯವಹಾರದಿಂದ ಬೇರ್ಪಡಿಸಿ ದೇವರಿಗೆ ಮೀಸಲಾಗಿಸುವುದೇ ಇದರ ಪ್ರಥಮಾರ್ಥವೆಂಬುದು ಸ್ಪಷ್ಟ.

ಆದರೆ ಶಕ್ತಿಯಿರುವುದು ತೈಲದಲ್ಲಿಯೋ, ಕರೆದವನ ಸಂಕಲ್ಪದಲ್ಲಿಯೋ? ಸಮುವೇಲನ ಗ್ರಂಥವು ಈ ಪ್ರಶ್ನೆಯನ್ನು ವಾದರೂಪವಾಗಿ ಎತ್ತದೆ ಕಥಾರೂಪವಾಗಿ ಮುಂದಿಡುತ್ತದೆ. ಸಮುವೇಲನು ಕೊಂಬಿನ ತೈಲದಿಂದ ದಾವೀದನನ್ನು ಅಭಿಷೇಕಿಸಿದ ದಿನದಿಂದ ಯೆಹೋವನ ಆತ್ಮವು ಅವನ ಮೇಲೆ ಬಂದಿತು; ಮರುವಾಕ್ಯದಲ್ಲಿಯೇ ಆ ಆತ್ಮವು ಸೌಲನನ್ನು ಬಿಟ್ಟುಹೋಯಿತೆಂದಿದೆ. ಅಂದರೆ ಅಭಿಷಿಕ್ತನಾದವನಿಂದಲೂ ಆತ್ಮವು ತೊಲಗಬಹುದು. ಆದರೂ ಗವಿಯಲ್ಲಿ ಸೌಲನು ಕೈಗೆ ಸಿಕ್ಕಿದಾಗ ದಾವೀದನು ಅವನ ನಿಲುವಂಗಿಯ ಅಂಚನ್ನು ಮಾತ್ರ ಕತ್ತರಿಸಿ, ಅದಕ್ಕೂ ಮನನೊಂದು, ಯೆಹೋವನಿಂದ ಅಭಿಷಿಕ್ತನಾದವನ ಮೇಲೆ ಕೈಯೆತ್ತಲೊಲ್ಲದೆ ಹೋದನು. ಆತ್ಮವು ಹೋಗಿದೆ, ತೈಲದ ಗುರುತು ಉಳಿದಿದೆ. ಕೊಲ್ಲಬಂದ ವೈರಿಯನ್ನು ಆ ಗುರುತೇ ಕಾಯುತ್ತಿದೆ. ಇದಕ್ಕೆ ಪ್ರತಿಯಾಗಿ ಯೆಶಾಯನ 45ನೆಯ ಅಧ್ಯಾಯದಲ್ಲಿ ಪಾರಸಿಕ ದೊರೆಯಾದ ಕೋರೆಷನು 'ಅಭಿಷಿಕ್ತ'ನೆನಿಸಿದ್ದಾನೆ. ಅವನ ತಲೆಯ ಮೇಲೆ ಇಸ್ರಾಯೇಲಿನ ಯಾಜಕನಾವನೂ ತೈಲವನ್ನೆರೆದ ಕಥೆಯಿಲ್ಲ. ಅವನು ಆ ದೇವರನ್ನು ಅರಿತವನೂ ಅಲ್ಲವೆಂದು ಆ ಪ್ರಕರಣವೇ ಹೇಳುತ್ತದೆ. ಒಂದೆಡೆ ಆತ್ಮವಿಲ್ಲದ ತೈಲ, ಮತ್ತೊಂದೆಡೆ ತೈಲವಿಲ್ಲದ ನಿಯೋಗ. ಅಭಿಷೇಕವು ದ್ರವ್ಯವನ್ನು ಬಿಟ್ಟು ಲಾಕ್ಷಣಿಕವಾಗತೊಡಗಿದುದಕ್ಕೆ ಈ ಸ್ಥಲವು ಸಾಕ್ಷಿ.

ಹೊಸ ಒಡಂಬಡಿಕೆಯು ಈ ಲಕ್ಷಣಾರ್ಥದ ಮೇಲೆಯೇ ನಿಂತಿದೆ. 'ಮೆಸ್ಸೀಯ', 'ಕ್ರಿಸ್ತ' ಎಂಬೆರಡಕ್ಕೂ ಅಭಿಷಿಕ್ತನೆಂದೇ ಅರ್ಥ. ಆದರೆ ಯಾವ ಯಾಜಕನೂ ಯೇಸುವಿಗೆ ತೈಲಾಭಿಷೇಕವನ್ನು ಮಾಡಲಿಲ್ಲ. ದೇವರು ಅವನನ್ನು ಪವಿತ್ರಾತ್ಮನಿಂದಲೂ ಬಲದಿಂದಲೂ ಅಭಿಷೇಕಿಸಿದನೆಂದು ಅಪೊಸ್ತಲರ ಕೃತ್ಯಗಳಲ್ಲಿದೆ (10:38). ಅವನ ತಲೆಯ ಮೇಲೆ ನಿಜವಾಗಿ ಸುಗಂಧತೈಲವನ್ನು ಹೊಯ್ದವಳು ಬೇಥಾನ್ಯದಲ್ಲಿ ಹೆಸರು ಹೇಳದ ಒಬ್ಬ ಹೆಂಗಸು (ಮಾರ್ಕ 14). ಮುನ್ನೂರು ದೆನಾರಿಗೆ ಬಾಳುವ ದ್ರವ್ಯವು ವ್ಯರ್ಥವಾಯಿತೆಂದು ಕೆಲವರು ಗೊಣಗಿದರು. ಒಂದು ದೆನಾರಿಯು ಕೂಲಿಯವನ ಒಂದು ದಿನದ ಸಂಬಳ. ಇದು ತನ್ನ ಸಮಾಧಿಸಂಸ್ಕಾರಕ್ಕೆ ಮುಂಚಿತವಾಗಿ ನಡೆದುದೆಂದು ಯೇಸು ಉತ್ತರವಿತ್ತನು. ರಾಜಚಿಹ್ನೆಯು ಹೀಗೆ ಮರಣಚಿಹ್ನೆಯಾಗಿ ತಿರುಗಿತು. ಆ ತೈಲದ ಮೂಲವಾದ 'ನಾರ್ದೊಸ್' ಹಿಮಾಲಯದ ಜಟಾಮಾಂಸಿಯೆಂದೂ, ಆ ಹೆಸರು ಸಂಸ್ಕೃತದ 'ನಲದ'ದಿಂದ ಹೋದುದೆಂದೂ ವಿದ್ವಾಂಸರು ಊಹಿಸುತ್ತಾರೆ. ಅಮರಕೋಶದಲ್ಲಿ ನಲದವು ಲಾವಂಚದ ಪರ್ಯಾಯಗಳಲ್ಲಿ ಸೇರಿರುವುದನ್ನು ಮಾತ್ರ ಇಲ್ಲಿ ಮರೆಯಲಾಗದು.

ಇನ್ನೊಂದು ಭೇದವು ಅಧ್ಯಾಪಕರು ಅವಶ್ಯವಾಗಿ ಗಮನಿಸತಕ್ಕದ್ದು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ 'ಖ್ರಿಯೊ' ಎಂಬ ಕೇವಲಧಾತುವಿಗೆ ದೇವರೇ ಕರ್ತೃ. ಮನುಷ್ಯರು ಮೈಗಾಗಲಿ ತಲೆಗಾಗಲಿ ಎಣ್ಣೆಯನ್ನು ಹಚ್ಚುವುದಕ್ಕೆ 'ಅಲೆಯಿಫೊ' ಎಂಬುದು ಬೇರೆ ಧಾತು. ರೋಗಿಗೆ ಸಭೆಯ ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಲೆಂಬ ಯಾಕೋಬನ ವಿಧಿಯಲ್ಲಿ (5:14) ಎರಡನೆಯದೇ ಇದೆ. ಕನ್ನಡ ಬೈಬಲೂ ಮೊದಲನೆಯದಕ್ಕೆ 'ಅಭಿಷೇಕಿಸು' ಎಂದೂ, ಯಾಕೋಬನಲ್ಲಿ 'ಎಣ್ಣೆ ಹಚ್ಚು' ಎಂದೂ ಬೇರೆ ಮಾಡಿರುವುದು ಶ್ಲಾಘ್ಯವಾಗಿದೆ. ಎರಡೆಡೆಯಲ್ಲಿಯೂ ಒಂದೇ ಮಾತನ್ನು ಹಾಕಿದ ಭಾಷೆಗಳ ಓದುಗರಿಗೆ ಈ ವಿವೇಕವು ದೊರೆಯದು.

ಸಭೆಯ ಆಚಾರದಲ್ಲಾದರೋ ದ್ರವ್ಯವು ಮತ್ತೆ ಪ್ರಾಧಾನ್ಯಕ್ಕೆ ಬಂದಿತು. ಯೆರೂಸಲೇಮಿನ ಸಿರಿಲನ ಹೆಸರಿನಲ್ಲಿರುವ 4ನೆಯ ಶತಮಾನದ ಉಪದೇಶವು, ಆವಾಹನಾನಂತರ ಇದು ಬರಿಯ ಲೇಪವಲ್ಲವೆಂದು ಹೇಳಿ, ದೀಕ್ಷಾಸ್ನಾನ ಹೊಂದಿದವರ ಹಣೆ, ಕಿವಿ, ಮೂಗು, ಎದೆಗಳಿಗೆ ಅದನ್ನು ವಿಧಿಸುತ್ತದೆ. ರೋಮನ್ ಸಭೆಯಲ್ಲಿ ದೀಕ್ಷಾರ್ಥಿಗಳ ತೈಲ, ರೋಗಿಗಳ ತೈಲ, ಪರಿಮಳದ್ರವ್ಯವನ್ನು ಬೆರೆಸಿದ ಕ್ರಿಸ್ಮವೆಂದು ಮೂರು ಬಗೆ. ರೋಗಿಗಳ ಲೇಪನವು ಕ್ರಮೇಣ ಮರಣಾಸನ್ನರಿಗೆ ಮಾತ್ರ ಸಲ್ಲುವಂತಾಗಿ 'ಕಡೆಯ ಲೇಪನ'ವೆನಿಸಿತು. ಗುಣವಾಗಲೆಂದು ಯಾಕೋಬನು ವಿಧಿಸಿದುದನ್ನು ಸಾಯುವವರಿಗೆ ಮೀಸಲಾಗಿಸಿದರೆಂದು 1520ರಲ್ಲಿ ಲೂಥರನು ಆಕ್ಷೇಪಿಸಿ, ಅದು ಕ್ರಿಸ್ತಸ್ಥಾಪಿತ ಸಂಸ್ಕಾರವೇ ಅಲ್ಲವೆಂದನು. 1551ರಲ್ಲಿ ಟ್ರೆಂಟಿನ ಮಹಾಸಭೆಯು ಅದು ಸಂಸ್ಕಾರವೇ ಎಂದು ನಿರ್ಣಯಿಸಿತು. ಲೂಥರನ ಎರಡನೆಯ ಮಾತನ್ನು ರೋಮನ್ ಸಭೆಯು ಎಂದೂ ಒಪ್ಪಲಿಲ್ಲ. ಮೊದಲನೆಯದರ ಸಾರವು ಮಾತ್ರ ತಡವಾಗಿ ಅಲ್ಲಿಯೂ ಸಂದಿತೆನ್ನಬಹುದು. 1972ರಲ್ಲಿ ಆರನೆಯ ಪೌಲ ಪೋಪನು ಹೊರಡಿಸಿದ ಶಾಸನವು ಇದನ್ನು ಅಪಾಯಕರವಾದ ರೋಗದಲ್ಲಿರುವವರ ಸಂಸ್ಕಾರವೆಂದು ಪುನಃ ವಿಧಿಸಿ, ಪಂಚೇಂದ್ರಿಯಗಳ ಬದಲು ಹಣೆಗೂ ಕೈಗಳಿಗೂ ಲೇಪನವು ಸಾಕೆಂದಿತು. ಆಲಿವ್ ಎಣ್ಣೆಯು ದೊರೆಯದ ದೇಶಗಳಲ್ಲಿ ಬೇರೆ ಸಸ್ಯತೈಲವೂ ಆಗಬಹುದೆಂದು ಅನುಮತಿಯನ್ನಿತ್ತಿತು.