ಹೋರಾಟದ ಹಾಡು ರಂಗವೇರಿದಾಗ

'ಹಮ್ ಹೋಂಗೆ ಕಾಮ್ಯಾಬ್' ಹಾಡನ್ನು ಶಾಲೆಯಲ್ಲಿ ಹಾಡದವರು ನಮ್ಮಲ್ಲಿ ವಿರಳ. ಯುವಜನರ ಶಿಬಿರಗಳಲ್ಲಿ ಅದರ ಕನ್ನಡ ರೂಪವೂ ಕೇಳಿಬರುತ್ತದೆ. ಇದರ ಮೂಲ 'ವಿ ಶಲ್ ಓವರ್‌ಕಮ್'. ಅಮೆರಿಕದ ಕಪ್ಪು ಜನರು ತಮ್ಮ ನಾಗರಿಕ ಹಕ್ಕುಗಳಿಗಾಗಿ ನಡೆಸಿದ ಅಹಿಂಸಾತ್ಮಕ ಚಳವಳಿಯ ಗೀತೆಯಿದು. ಇಂತಹ ಹಾಡುಗಳ ಮೂಲಕವೇ ಆ ಚಳವಳಿಯ ಚರಿತ್ರೆಯನ್ನು ರಂಗಕ್ಕೆ ತರುವ ಪ್ರಯತ್ನ ಅಲ್ಲಿ ಅರುವತ್ತಕ್ಕೂ ಹೆಚ್ಚು ವರ್ಷಗಳಿಂದ ನಡೆದಿದೆ. ಧರ್ಮಕೇಂದ್ರಗಳಲ್ಲಿ ನಾಟಕ, ರೂಪಕ ಆಡಿಸುವವರು ಅದನ್ನು ಗಮನಿಸುವುದು ಒಳ್ಳೆಯದು.

ತೊಡಕು ಇರುವುದು ಇಲ್ಲಿ: ಈ ಹಾಡುಗಳು ಕುಳಿತು ಕೇಳುವವರಿಗಾಗಿ ಹುಟ್ಟಿದವುಗಳಲ್ಲ. 1961ರ ಕೊನೆಯಲ್ಲಿ ಜಾರ್ಜಿಯಾ ರಾಜ್ಯದ ಆಲ್ಬನಿಯಲ್ಲಿ ಚಳವಳಿ ಆರಂಭವಾದಾಗ ಜನ ಸೇರುತ್ತಿದ್ದುದು ಬ್ಯಾಪ್ಟಿಸ್ಟ್ ದೇವಾಲಯಗಳಲ್ಲಿ. ನೂರಾರು ಮಂದಿ ಬಂಧಿತರಾದರು, ಜೈಲಿನಲ್ಲೂ ಹಾಡಿದರು. ಬರ್ನಿಸ್ ಜಾನ್ಸನ್ ಎಂಬ ಕಾಲೇಜು ವಿದ್ಯಾರ್ಥಿನಿ ಒಂದು ಹಳೆಯ ಭಕ್ತಿಗೀತೆಯನ್ನು ಎತ್ತಿಕೊಂಡು, 'ಸಂಕಟ' ಎಂಬ ಪದವಿದ್ದಲ್ಲಿ 'ಸ್ವಾತಂತ್ರ್ಯ' ಎಂದು ಹಾಡಿದರು. ಪದವೊಂದೇ ಬದಲಾಯಿತು, ಪ್ರಾರ್ಥನೆ ಪ್ರತಿಭಟನೆಯಾಯಿತು. ಚಳವಳಿ ಸೇರಿದ್ದಕ್ಕಾಗಿ ಅವರನ್ನು ಕಾಲೇಜಿನಿಂದ ಹೊರಹಾಕಲಾಯಿತು.

1962ರಲ್ಲಿ ಅವರೂ ರೂಥಾ ಹ್ಯಾರಿಸ್, ಕಾರ್ಡೆಲ್ ರೇಗನ್, ಚಾರ್ಲ್ಸ್ ನೆಬ್ಲೆಟ್ ಅವರೂ ಸೇರಿ 'ಫ್ರೀಡಂ ಸಿಂಗರ್ಸ್' ತಂಡವಾಯಿತು. ವಾದ್ಯಗಳಿಲ್ಲ, ವೇಷಭೂಷಣವಿಲ್ಲ. ಕಾರಿನಲ್ಲಿ ದೇಶ ಸುತ್ತಿ ಕಾಲೇಜುಗಳಲ್ಲಿ, ದೇವಾಲಯಗಳಲ್ಲಿ, ಸಭಾಂಗಣಗಳಲ್ಲಿ ಹಾಡಿದರು. ಹಾಡುಗಳ ನಡುವೆ ದಕ್ಷಿಣದಲ್ಲಿ ನಡೆಯುತ್ತಿದ್ದುದನ್ನು ತಿಳಿಸಿ, ವಿದ್ಯಾರ್ಥಿ ಸಂಘಟನೆಗಾಗಿ ಹಣ ಕೂಡಿಸಿದರು. ತಮ್ಮನ್ನು ಹಾಡುವ ಪತ್ರಿಕೆ ಎಂದೇ ಅವರು ಕರೆದುಕೊಂಡರು. ಚಳವಳಿ ರಂಗಕ್ಕೆ ಬಂದ ಮೊದಲ ಬಗೆಗಳಲ್ಲಿ ಇದೊಂದು, ಅತ್ಯಂತ ಸರಳವಾದುದೂ ಹೌದು.

ನಾಟಕದ ರೂಪ ಕೊಟ್ಟವರು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್. 1963ರ ಸೆಪ್ಟೆಂಬರ್ 15ರ ಭಾನುವಾರ ಬರ್ಮಿಂಗ್‌ಹ್ಯಾಮ್ ನಗರದ ದೇವಾಲಯವೊಂದರಲ್ಲಿ ಬಾಂಬ್ ಸಿಡಿದು ನಾಲ್ವರು ಬಾಲಕಿಯರು ಮೃತಪಟ್ಟಿದ್ದರು. ನಾಲ್ಕು ತಿಂಗಳ ಬಳಿಕ, 1964ರ ಜನವರಿಯಲ್ಲಿ, ಹ್ಯೂಸ್ ಅವರ 'ಜೆರಿಕೊ-ಜಿಮ್ ಕ್ರೋ' ನ್ಯೂಯಾರ್ಕ್‌ನಲ್ಲಿ ಪ್ರದರ್ಶನಗೊಂಡಿತು. ಜೆರಿಕೊ ನಗರದ ಗೋಡೆ ತುತೂರಿಯ ನಾದಕ್ಕೂ ಜನರ ಕೂಗಿಗೂ ಕುಸಿದ ಕಥೆಯನ್ನು ಯೆಹೋಶುವನ ಗ್ರಂಥದ 6ನೇ ಅಧ್ಯಾಯದಲ್ಲಿ ಓದಿದ್ದೇವೆ. 'ಜಿಮ್ ಕ್ರೋ' ಎಂದರೆ ಕಪ್ಪು ಜನರನ್ನು ಶಾಲೆ, ಬಸ್ಸು, ಹೋಟೆಲುಗಳಲ್ಲಿ ಬೇರ್ಪಡಿಸಿದ ಕಾನೂನುಗಳಿಗೆ ಬಿದ್ದ ಅಡ್ಡಹೆಸರು. ಈ ಹೆಸರು ಬಂದದ್ದೂ ರಂಗದಿಂದಲೇ! 1830ರ ಸುಮಾರಿಗೆ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು, ಕಪ್ಪು ಜನರನ್ನು ಗೇಲಿ ಮಾಡಿ ಕುಣಿದ ಪಾತ್ರವದು. ಹ್ಯೂಸ್ ಅದೇ ಹೆಸರನ್ನು ರಂಗಕ್ಕೆ ಮರಳಿ ತಂದು ದಬ್ಬಾಳಿಕೆಗಾರನಿಗೆ ಇಟ್ಟರು. ಕಾಲಕಾಲಕ್ಕೆ ವೇಷ ಬದಲಿಸಿ ಬರುವ ಆ ಪಾತ್ರಕ್ಕೆ ನಟ ಒಬ್ಬನೇ. ಗುಲಾಮಗಿರಿಯಿಂದ ಅಂದಿನ ಚಳವಳಿಯವರೆಗಿನ ಚರಿತ್ರೆ ಭಕ್ತಿಗೀತೆಗಳ ಮೂಲಕ ಸಾಗುತ್ತದೆ. ಉದ್ದುದ್ದ ಸಂಭಾಷಣೆ ಬರೆದು ಗಾಯನ ವೃಂದವನ್ನು ಮೂಲೆಗೆ ತಳ್ಳುವ ನಮ್ಮ ಅಭ್ಯಾಸಕ್ಕೆ ಇದು ತದ್ವಿರುದ್ಧ.

ಒಬ್ಬರೇ ವ್ಯಕ್ತಿಯ ಜೀವನವನ್ನು ಹಾಡುಗಳಲ್ಲಿ ಕಟ್ಟುವ ದಾರಿಯೂ ಇದೆ. ಮಿಸಿಸಿಪ್ಪಿಯ ಹತ್ತಿ ಹೊಲದ ಕೂಲಿ ಫ್ಯಾನಿ ಲೂ ಹೇಮರ್ 1962ರ ಆಗಸ್ಟ್‌ನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರು. ಮರಳುವ ದಾರಿಯಲ್ಲಿ ಪೊಲೀಸರು ಬಸ್ಸನ್ನು ತಡೆದಾಗ, ಹೆದರಿ ಕುಳಿತವರಿಗೆ ಧೈರ್ಯ ತುಂಬಿದ್ದು ಅವರ ಹಾಡು. ಅದೇ ದಿನ ಅವರು ಕೆಲಸ ಕಳೆದುಕೊಂಡರು. ಮರುವರ್ಷ ವಿನೋನಾ ಜೈಲಿನಲ್ಲಿ ಅವರಿಗೆ ಬಿದ್ದ ಏಟಿನ ನೋವು ಜೀವನಪರ್ಯಂತ ಉಳಿಯಿತು. ಶೆರಿಲ್ ವೆಸ್ಟ್ ಬರೆದ 'ಫ್ಯಾನಿ' ನಾಟಕವನ್ನು 2021ರಲ್ಲಿ ಶಿಕಾಗೋದಲ್ಲಿ ಈ. ಫೇ ಬಟ್ಲರ್ ಏಕವ್ಯಕ್ತಿ ಪ್ರದರ್ಶನವಾಗಿ ಅಭಿನಯಿಸಿದರು. ಏಟಿನ ಪ್ರಸಂಗವನ್ನು ಬಿಟ್ಟು ಹಾಡುಗಳನ್ನು ಮಾತ್ರ ಉಳಿಸಿಕೊಂಡರೆ ಇಂತಹ ಜೀವನ ರಂಗದ ಮೇಲೆ ಬರೀ ಮನರಂಜನೆಯಾದೀತು.

ಪ್ರೇಕ್ಷಕರ ವಿಷಯಕ್ಕೆ ಬಂದರೆ, 2010ರ ಫೆಬ್ರವರಿಯಲ್ಲಿ ಶ್ವೇತಭವನದಲ್ಲಿ ಫ್ರೀಡಂ ಸಿಂಗರ್ಸ್ ಹಾಡಿದರು. ಎದುರಿಗೆ ರಾಷ್ಟ್ರಾಧ್ಯಕ್ಷ ಒಬಾಮ ಮತ್ತು ಗಣ್ಯರು. ಬರ್ನಿಸ್ ಹಾಡನ್ನು ನಡುವೆ ನಿಲ್ಲಿಸಿ, ನೀವೂ ಹಾಡಬೇಕು ಎಂದು ಸಭೆಗೇ ಹೇಳಿದರು. ಅವರು 2024ರಲ್ಲಿ ನಿಧನರಾದರು.

ಆಡಿಸುವವರಿಗೆ ಇನ್ನೊಂದು ಮಾಹಿತಿ. 'ಫ್ಯಾನಿ'ಯಂತಹ ನಾಟಕಗಳಿಗೆ ಲೇಖಕರ ಅನುಮತಿ ಬೇಕು. 'ವಿ ಶಲ್ ಓವರ್‌ಕಮ್' ಗೀತೆಗೆ ಮಾತ್ರ ಈಗ ಯಾರ ಅಪ್ಪಣೆಯೂ ಬೇಡ. 1945–46ರ ಚಾರ್ಲ್ಸ್‌ಟನ್ ತಂಬಾಕು ಕಾರ್ಖಾನೆ ಮುಷ್ಕರದಲ್ಲಿ ಕಾರ್ಮಿಕ ಮಹಿಳೆಯರು ಹಾಡಿದ್ದ ಈ ಗೀತೆಯ ಮೇಲೆ ಪ್ರಕಾಶನ ಸಂಸ್ಥೆಯೊಂದು ದಶಕಗಳ ಕಾಲ ಹಕ್ಕುಸ್ವಾಮ್ಯ ಹೊಂದಿತ್ತು. ಮೊಕದ್ದಮೆಯ ಬಳಿಕ 2018ರ ಜನವರಿಯಲ್ಲಿ ರಾಜಿಯಾಗಿ ಅದು ಸಾರ್ವಜನಿಕ ಸ್ವತ್ತಾಯಿತು.