ಯಾವ ಪಾಸು?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಪೇಟೆಯಲ್ಲಿ ಯಾರಾದರೂ ತಮ್ಮನ್ನು ‘ಪಾಸಾಯಿತೆ?’ ಎಂದು ಕೇಳಿದರೆ ಒಡನೆ ಉತ್ತರಿಸಬೇಡಿ. ಯಾವ ಪಾಸೆಂದು ವಿಚಾರಿಸಿ. ಮಗನ ಪರೀಕ್ಷೆಯೊ, ಕಛೇರಿಯಲ್ಲಿ ಕುಳಿತ ಬಿಲ್ಲೊ? ಮೂಲದಲ್ಲಿ ಇದು ‘ಹೆಜ್ಜೆ’ ಎಂಬರ್ಥದ ಲ್ಯಾಟಿನ್ ಶಬ್ದ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಹೆಜ್ಜೆಯಿಟ್ಟವನು ದಾಟುತ್ತಾನಷ್ಟೆ. ದಾಟುವ ದಾರಿಗೂ, ದಾಟಗೊಡುವ ಚೀಟಿಗೂ ಅದೇ ಹೆಸರಾಯಿತು. ಆದುದರಿಂದ ಇಂಗ್ಲಿಷಿನವನಿಗೆ ನಮ್ಮ ಕುಮಟಾ ದಾರಿಯ ದೇವಿಮನೆ ಘಟ್ಟವೂ ಪಾಸು, ಅಂಕೋಲೆಯ ದಾರಿಯ ಅರಬೈಲು ಘಟ್ಟವೂ ಪಾಸು!

ಇವೆಲ್ಲ ವಿನೋದದ ಮಾತಾಯಿತು. ಅರಣ್ಯ ಇಲಾಖೆಯ ಪಾಸು ಹಾಗಲ್ಲ. ಸಾಗುವಾನಿ ತಮ್ಮ ಹಿತ್ತಲಿನದೇ ಆಗಿರಲಿ, ಕಡಿಯುವ ಅಪ್ಪಣೆ ಬೇರೆ, ಸಾಗಿಸುವ ಪಾಸು ಬೇರೆ. ‘ಅರ್ಜಿ ಪಾಸಾಗಿದೆ’ ಎಂಬ ಮಾತನ್ನು ನಂಬಿ ನಾಟವನ್ನು ಗಾಡಿಗೇರಿಸಿದವನು ನಾಕೆಯಲ್ಲಿ ಏನು ತೋರಿಸಿಯಾನು? ಅವನದು ಪಾಸಾದದ್ದು ನಿಜ, ಕೈಯಲ್ಲಿ ಪಾಸಿಲ್ಲದಿರುವುದೂ ನಿಜ. 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಮರ ಜಪ್ತಿಯಾದೀತು, ಗಾಡಿಯೂ ಹೋದೀತು. ತೇರ್ಗಡೆ, ಮಂಜೂರು, ರಹದಾರಿ ಎಂದು ನಮ್ಮಲ್ಲಿ ಬೇರೆ ಬೇರೆ ಶಬ್ದಗಳುಂಟು. ನಾಕೆಯವರು ಕೇಳುವುದು ರಹದಾರಿಯನ್ನು.