ಮನೆಯೋ, ಕಾರ್ಖಾನೆಯೋ?

"ಏನ್ರೀ, ಇದು ಮನಿಯೋ ಕಾರ್ಖಾನಿಯೋ?"

ಕಳೆದ ಆಷಾಢದ ಒಂದು ಭಾನುವಾರ ನಮ್ಮಾಕೆ ಕೇಳಿದ ಈ ಪ್ರಶ್ನೆಗೆ ನಾವು ಆಗಲೇ ಉತ್ತರ ಕೊಡಲಾರದೆ ಹೋದೆವು. ಆಕೆಯ ಕೈಯಲ್ಲಿ ಗೋಡೆಯಿಂದ ಕಿತ್ತ ಪ್ಲಗ್ಗು ಇದ್ದಿತು. ನಮ್ಮ ಏಳು ವರ್ಷದ ಮಗಳು ತಾಯಿಯ ಸೀರೆಯ ನೆರಿಗೆಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಬಾಲ್ಕನಿಯಲ್ಲಿ ಗರಗಸದ ಚಕ್ರವು ಇನ್ನೂ ಸುಯ್ ಎನ್ನುತ್ತ ನಿಲ್ಲಲು ನೋಡುತ್ತಿದ್ದಿತು. ನಡೆದುದನ್ನು ಮೊದಲಿನಿಂದ ಹೇಳಿದರೆ ನಮ್ಮ ಸಂಘದ ಬಂಧುಗಳಲ್ಲಿ ಕೆಲವರಿಗಾದರೂ ಉಪಯೋಗವಾದೀತು. ಏಕೆಂದರೆ ಈ ಹವ್ಯಾಸದ ಗಾಳಿ ನಮ್ಮೊಬ್ಬರಿಗೇ ಬೀಸಿದುದಲ್ಲ.

೨೦೨೦ರ ಲಾಕ್‌ಡೌನಿನಲ್ಲಿ ಮನೆಯಲ್ಲಿಯೇ ಕುಳಿತ ನೌಕರಿಯವರು ಒಬ್ಬೊಬ್ಬರು ಒಂದೊಂದು ಗೀಳು ಹಚ್ಚಿಕೊಂಡರು. ಕೆಲವರು ಮಾಳಿಗೆಯ ಮೇಲೆ ಬದನೆ ಬೆಳೆದರು. ಕೆಲವರು ರೊಟ್ಟಿ ಬಡಿಯಲು ಕಲಿತರು. ನಾವು ಮರಗೆಲಸಕ್ಕೆ ಕೈಹಾಕಿದೆವು. ಫೋನಿನಲ್ಲಿ ನೋಡಿದರೆ ಎಲ್ಲವೂ ಸುಲಭವೇ. ಬೆರಳು ಕಳೆದುಕೊಂಡವನು ತನ್ನ ಚಿತ್ರ ತೆಗೆದು ಹಾಕುವುದಿಲ್ಲವಷ್ಟೆ! ಮುಷೀರಾಬಾದಿನ ಟಿಂಬರ್ ಡಿಪೋಗಳಿಂದ ತುಂಡು ಮರ ತಂದೆವು, ರಾಣಿಗಂಜಿನ ಅಂಗಡಿಗಳಿಂದ ಹತ್ಯಾರ ತಂದೆವು. ಮೊದಮೊದಲು ಕೈಗರಗಸ, ಉಳಿ, ಸುತ್ತಿಗೆ. ಆಮೇಲೆ ಯಂತ್ರದ ಆಸೆ ಹುಟ್ಟಿತು.

ನಾವು ಕೊಂಡದ್ದು ಮಾರ್ಬಲ್ ಕಟರ್. ಹೆಸರೇ ಹೇಳುವಂತೆ ಅದು ಕಲ್ಲು ಕೊಯ್ಯುವ ಯಂತ್ರ. ಆದರೆ ಈ ಊರಿನಲ್ಲಿ, ಈ ಊರೇಕೆ, ನಮ್ಮ ಕಲಬುರಗಿ ಬೀದರಗಳಲ್ಲಿಯೂ, ಬಡಗಿಗಳ ಚೀಲದಲ್ಲಿ ಮರದ ಗರಗಸದ ಸ್ಥಾನವನ್ನು ಅದೇ ಆಕ್ರಮಿಸಿಕೊಂಡಿದೆ. ಅಗ್ಗ, ಹಗುರ, ಕಲ್ಲಿನ ಬಿಲ್ಲೆ ತೆಗೆದು ಹಲ್ಲಿನ ಬಿಲ್ಲೆ ಹಾಕಿದರೆ ಪ್ಲೈವುಡ್ಡು ಬೆಣ್ಣೆಯಂತೆ ಸೀಳುತ್ತದೆ. ಮರಕ್ಕೆಂದೇ ಮಾಡಿದ ಕೈಯಂತ್ರದಲ್ಲಿ ಚಕ್ರದ ಕೆಳಭಾಗಕ್ಕೆ ಒಂದು ಸ್ಪ್ರಿಂಗಿನ ಮುಚ್ಚಳವಿರುತ್ತದೆ. ಕೊಯ್ಯುವಾಗ ಅದು ತಾನೇ ಹಿಂದೆ ಸರಿದು, ಮರದಿಂದ ಎತ್ತಿದ ಕ್ಷಣವೇ ಹಲ್ಲನ್ನು ಮುಚ್ಚಿಬಿಡುತ್ತದೆ. ಮಾರ್ಬಲ್ ಕಟರಿಗೆ ಆ ಮುಚ್ಚಳವಿಲ್ಲ.

ನಾವು ಲೆಕ್ಕದ ಜನ. ಒಂದು ರಾತ್ರಿ ಕಾಗದದ ಮೇಲೆ ಗುಣಿಸಿ ನೋಡಿದೆವು. ಬಿಲ್ಲೆಯ ಅಡ್ಡಳತೆ ೧೧೦ ಮಿಲಿಮೀಟರ್. ಯಂತ್ರದ ಮೈಮೇಲೆ ಬರೆದ ವೇಗ ನಿಮಿಷಕ್ಕೆ ೧೩,೦೦೦ ಸುತ್ತು. ಅಂದಮೇಲೆ ಅಂಚಿನ ಒಂದು ಹಲ್ಲು ಸೆಕೆಂಡಿಗೆ ಸುಮಾರು ೭೫ ಮೀಟರ್, ಗಂಟೆಗೆ ೨೭೦ ಕಿಲೋಮೀಟರ್ ಓಡುತ್ತದೆ. ಮನುಷ್ಯನಿಗೆ ನೋವು ತಿಳಿದು ಕೈ ಹಿಂತೆಗೆಯಲು ಸೆಕೆಂಡಿನ ಐದರಲ್ಲೊಂದು ಪಾಲು ಬೇಕೆಂದು ಇಟ್ಟುಕೊಂಡರೆ, ಅಷ್ಟರಲ್ಲಿ ನಲವತ್ತು ಹಲ್ಲಿನ ಬಿಲ್ಲೆಯ ಸುಮಾರು ೧,೭೦೦ ಹಲ್ಲುಗಳು ಆ ಜಾಗವನ್ನು ದಾಟಿರುತ್ತವೆ. ಕೈಗರಗಸ ಹಾಗಲ್ಲ. ಅದು ಕೈಯಷ್ಟೇ ವೇಗ. ಕೈ ನಿಂತರೆ ತಾನೂ ನಿಲ್ಲುತ್ತದೆ. ಒಂದು ಗೀರು ಬಿದ್ದು ರಕ್ತ ಬಂದರೆ ಅರಿಸಿನ ಒತ್ತಿಕೊಂಡು ಮತ್ತೆ ಕೆಲಸಕ್ಕೆ ಕೂಡುವವರನ್ನು ನಾವು ಚಿಕ್ಕಂದಿನಿಂದ ಕಂಡಿದ್ದೇವೆ. ಯಂತ್ರದೊಡನೆ ಆ ಸಲಿಗೆ ನಡೆಯದು.

ನಮಗೆ ಈ ವಿದ್ಯೆಯ ಮೊದಲ ಪಾಠ ಹೇಳಿದವರು ನಮ್ಮ ಅಡಿಗೆಮನೆಯ ಕಪಾಟು ಮಾಡಿಕೊಟ್ಟ ಹಿರಿಯ ಮೇಸ್ತ್ರಿಗಳು. ಅವರ ಎಡಗೈಯ ತೋರುಬೆರಳಿಗೆ ತುದಿಯ ಗೆಣ್ಣು ಇಲ್ಲ. ಕೇಳಿದಾಗ ನಕ್ಕು, "ಮಶೀನ್‌ಕೋ ಕ್ಯಾ ಮಾಲೂಂ ಸಾಬ್, ಲಕಡೀ ಕೌನ್ಸೀ, ಉಂಗ್ಲೀ ಕೌನ್ಸೀ" ಎಂದರು. ಮರ ಯಾವುದು ಬೆರಳು ಯಾವುದು ಎಂದು ಯಂತ್ರಕ್ಕೇನು ಗೊತ್ತು! ಇಷ್ಟು ಹೇಳಿದವರೇ ಮರುಗಳಿಗೆ ಕಟರನ್ನು ಬೋರಲು ಮಾಡಿ, ಹಲಗೆಯೊಂದರ ಅಡಿಗೆ ಬಿಗಿದು, ಸೀಳಿನಿಂದ ಚಕ್ರವನ್ನು ಮೇಲಕ್ಕೆ ಬಿಟ್ಟು, ಅದರ ಮೇಲೆ ಪಟ್ಟಿ ಸೀಳತೊಡಗಿದರು. ಹೊಟ್ಟೆಪಾಡು ಹಾಗೆ ಮಾಡಿಸುತ್ತದೆ. ಅವರನ್ನು ಬೈಯಲು ನಮಗೆ ಬಾಯಿಲ್ಲ. ಆದರೆ ಸಂಬಳ ತೆಗೆದುಕೊಂಡು ಭಾನುವಾರ ಚಪಲಕ್ಕೆ ಮರ ಕೊಯ್ಯುವ ನಾವು ಅವರನ್ನೇ ನೋಡಿ ಹಾಗೆಯೇ ಮಾಡಿದೆವಲ್ಲ, ಅದಕ್ಕೆ ಯಾವ ಸಮಾಧಾನವೂ ಇಲ್ಲ.

ಆ ಭಾನುವಾರ ಮಗಳ ಪುಸ್ತಕಗಳಿಗೆಂದು ಒಂದು ಶೆಲ್ಫಿನ ಪಟ್ಟಿಗಳನ್ನು ಸೀಳುತ್ತಿದ್ದೆವು. ಗುಂಡಿ ಒತ್ತಿ ಹಿಡಿದಿರುವ ತೊಂದರೆ ಬೇಡವೆಂದು ಯಂತ್ರದಲ್ಲಿ ಒಂದು ಚಿಲಕವಿರುತ್ತದೆ. ಅದನ್ನು ಒತ್ತಿ ಬಿಟ್ಟಿದ್ದೆವು. ನಡುವೆ ಕರೆಂಟು ಹೋಯಿತು. ಚಕ್ರ ನಿಂತಿತು. ನಾವು ಕೈ ತೊಳೆದುಕೊಂಡು ಚಹಾಕ್ಕೆ ಒಳಗೆ ಹೋದೆವು. ಬೊಂಬೆಯ ಹಾಸಿಗೆಗೆ ಮರದ ಹೊಟ್ಟು ಬೇಕೆಂದು ಮಗಳು ಬಟ್ಟಲು ಹಿಡಿದು ಬಾಲ್ಕನಿಗೆ ಹೋದುದು ನಮಗೆ ತಿಳಿಯದು. ಹತ್ತು ನಿಮಿಷಕ್ಕೆ ಕರೆಂಟು ಬಂದಿತು. ಫ್ಯಾನು ತಿರುಗಿತು, ಫ್ರಿಜ್ಜು ಗುರ್ ಎಂದಿತು, ಬಾಲ್ಕನಿಯಲ್ಲಿ ಗರಗಸವೂ ಕಿರುಚಿತು. ಹಲಗೆಯ ಮೇಲಿನ ಹೊಟ್ಟನ್ನು ಬಳಿಯುತ್ತಿದ್ದ ಮಗುವಿನ ಕೈಗೂ ಆ ಹಲ್ಲಿಗೂ ಒಂದು ಗೇಣು ದೂರ. ದೇವರು ದೊಡ್ಡವನು, ಕೈಗೆ ಏನೂ ಆಗಲಿಲ್ಲ. ಬಟ್ಟಲು ಮಾತ್ರ ಕೆಳಗೆ ಬಿದ್ದಿತು. ನಾವು ಎದ್ದು ನಿಲ್ಲುವಷ್ಟರಲ್ಲಿ ನಮ್ಮಾಕೆ ಪ್ಲಗ್ಗು ಕಿತ್ತಿದ್ದರು.

ಆಕೆಯ ಪ್ರಶ್ನೆ ಆಮೇಲೆ ಬಹಳ ದಿನ ನಮ್ಮನ್ನು ಕಾಡಿತು. ಕಾರ್ಖಾನೆಯಾಗಿದ್ದರೆ ಏನಾಗುತ್ತಿದ್ದಿತು? ೧೯೪೮ರ ಕಾರ್ಖಾನೆ ಕಾಯಿದೆಯ ೨೧ನೆಯ ಕಲಮು ಯಂತ್ರದ ಅಪಾಯದ ಭಾಗಗಳಿಗೆ ಭದ್ರವಾದ ಬೇಲಿ ಇರಲೇಬೇಕೆಂದಿದ್ದಿತು. ಓಡುವ ಯಂತ್ರದ ಬಳಿ ಕೈಯಾಡಿಸುವವನು ಬಿಗಿಯುಡುಪು ತೊಟ್ಟಿರಬೇಕೆಂದು ೨೨ನೆಯ ಕಲಮು. ಎಳೆಯರನ್ನು ಅಪಾಯದ ಯಂತ್ರದಿಂದ ದೂರವಿಡಲು ೨೩ನೆಯದು. ತಪ್ಪಿದರೆ ಕೇಳಲು ಇನ್ಸ್‌ಪೆಕ್ಟರರು. ಈಚೆಗೆ ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಹಳೆಯದಾಗಲಿ ಹೊಸದಾಗಲಿ, ಬಾಡಿಗೆ ಪೋರ್ಷನ್ನಿನ ಬಾಲ್ಕನಿಯನ್ನು ನೋಡಲು ಯಾವ ಇನ್ಸ್‌ಪೆಕ್ಟರರೂ ಬರುವುದಿಲ್ಲ. ಮನೆಯಲ್ಲಿ ಮಾಲೀಕ, ಕೂಲಿ, ಇನ್ಸ್‌ಪೆಕ್ಟರು ಮೂವರೂ ಒಬ್ಬನೇ. ಈ ಮೂವರಲ್ಲಿ ಮೂರನೆಯವನು ಸದಾ ರಜೆಯಲ್ಲಿರುತ್ತಾನೆ! ಆದುದರಿಂದ ನಮ್ಮ ಮನೆಯಲ್ಲಿ ಆ ಹುದ್ದೆಯನ್ನು ನಮ್ಮಾಕೆಗೆ ವಹಿಸಿಕೊಟ್ಟೆವು. ಯಂತ್ರಕ್ಕೆಂದೇ ಇರುವ ಎಕ್ಸ್‌ಟೆನ್ಶನ್ ಬೋರ್ಡು ಈಗ ಆಕೆಯ ಬೀರುವಿನಲ್ಲಿದೆ. ಕೇಳಿ ತೆಗೆದುಕೊಳ್ಳಬೇಕು, ಕೆಲಸ ಮುಗಿದೊಡನೆ ಹಿಂದಕ್ಕೆ ಕೊಡಬೇಕು. ಸಹಿಯೊಂದು ಬಾಕಿ.

ಕರೆಂಟು ಬಂದಾಗ ಯಂತ್ರ ತಾನಾಗಿ ಎದ್ದೇಳಬಾರದೆಂದರೆ ಉಪಾಯವಿದೆ, ಹೊಸದೂ ಅಲ್ಲ. ಊರಿನ ಹೊಲದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರನ್ನು ನೋಡಿದವರಿಗೆ ಗೊತ್ತು: ಹಸಿರು ಗುಂಡಿ, ಕೆಂಪು ಗುಂಡಿ. ಕರೆಂಟು ಹೋದರೆ ಅದು ಕಳಚಿಕೊಳ್ಳುತ್ತದೆ. ಮತ್ತೆ ಹಸಿರು ಗುಂಡಿ ಒತ್ತುವವರೆಗೆ ಮೋಟರು ಏಳದು. (ರೈತರು ನಡುರಾತ್ರಿ ಎದ್ದು ಹೋಗಲಾರದೆ ಅದಕ್ಕೂ ಆಟೋ ಜೋಡಿಸುತ್ತಾರೆ, ಆ ಮಾತು ಬೇರೆ.) ಅಂಥದೇ ಸಣ್ಣ ಸ್ವಿಚ್ಚು ಮರಗೆಲಸದ ಯಂತ್ರಗಳಿಗೂ ಸಿಗುತ್ತದೆ, ನೋ-ವೋಲ್ಟ್ ಸ್ವಿಚ್ಚು ಎಂದು ಕೇಳಬೇಕು. ಅದಿಲ್ಲದವರು ಚಿಲಕವನ್ನು ಒತ್ತಲೇಬಾರದು, ಕರೆಂಟು ಹೋದೊಡನೆ ಪ್ಲಗ್ಗು ಕೀಳಬೇಕು. ಬಿಲ್ಲೆ ಬದಲಾಯಿಸುವಾಗಲೂ ಇದೇ ಮಾತು. ಸ್ವಿಚ್ಚು ಆರಿಸಿದೆ ಎಂಬುದು ಸಾಲದು, ಪ್ಲಗ್ಗು ಕಣ್ಣಿಗೆ ಕಾಣುವಂತೆ ಹೊರಗೆ ಬಿದ್ದಿರಬೇಕು. ಮನೆಯ ಮೀಟರಿನ ಬಳಿ ೩೦ ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರನ್ನು ಕೇಳಿರಿ.

ಇನ್ನು ಚಕ್ರದ ಸ್ವಭಾವ. ಮೇಜಿನಿಂದ ಮೇಲೆದ್ದ ಚಕ್ರದಲ್ಲಿ ಎದುರಿನ ಹಲ್ಲುಗಳು ಮರವನ್ನು ಕೆಳಕ್ಕೆ ಒತ್ತುತ್ತವೆ. ಹಿಂಬದಿಯ ಹಲ್ಲುಗಳು ಮೇಲಕ್ಕೆ ಏಳುತ್ತಿರುತ್ತವೆ. ಸೀಳಿದ ಮರ ಒಣಗಿನ ಬಿಗುವಿನಿಂದ ಮುಚ್ಚಿಕೊಂಡರೆ, ಅಥವಾ ಪಟ್ಟಿ ವಾರೆಯಾದರೆ, ಆ ಹಿಂಬದಿಯ ಹಲ್ಲುಗಳು ಅದನ್ನು ಕಚ್ಚಿ, ಎತ್ತಿ, ಕೆಲಸಗಾರನ ಹೊಟ್ಟೆಗೇ ಎಸೆಯುತ್ತವೆ. ಆಗ ಮರದ ಹಿಂದಿದ್ದ ಕೈ ಚಕ್ರದ ಮೇಲೆ ಬೀಳುತ್ತದೆ. ಇದನ್ನು ತಡೆಯಲೆಂದೇ ಒಳ್ಳೆಯ ಟೇಬಲ್ ಗರಗಸದಲ್ಲಿ ಚಕ್ರದ ಬೆನ್ನಿಗೆ ತೆಳುವಾದ ಉಕ್ಕಿನ ರೆಕ್ಕೆಯೊಂದು ನಿಂತಿರುತ್ತದೆ. ಸೀಳು ಮುಚ್ಚಿಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ. ಬೋರಲು ಹಾಕಿದ ಕಟರಿಗೆ ಈ ರೆಕ್ಕೆಯೂ ಇಲ್ಲ, ನೇರ ಹಿಡಿಯುವ ಗಟ್ಟಿ ಅಡ್ಡಪಟ್ಟಿಯೂ ಇಲ್ಲ, ಸ್ವಿಚ್ಚು ಹಲಗೆಯ ಅಡಿಗೆ. ಆಪತ್ತಿನಲ್ಲಿ ಆರಿಸಬೇಕಾದರೆ ಚಕ್ರದ ಕೆಳಗೇ ಕೈಹಾಕಬೇಕು! ಇಂಥದನ್ನು ಮನೆಯಲ್ಲಿ ಕಟ್ಟಬೇಡಿರಿ ಎಂದು ನಾವು ನೇರವಾಗಿಯೇ ಹೇಳುತ್ತೇವೆ. ಕಟ್ಟಿದ್ದರೆ ಇಂದೇ ಬಿಚ್ಚಿರಿ.

ಸರಿಯಾದ ಯಂತ್ರವಿದ್ದವರೂ ಚಕ್ರದ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ನಿಲ್ಲಬೇಕು. ಹಲ್ಲು ಮರದ ಮೇಲೆ ಕಾಲಿಂಚಿಗಿಂತ ಹೆಚ್ಚು ತಲೆ ಎತ್ತಬಾರದು. ಕಿರಿದಾದ ಪಟ್ಟಿಯನ್ನು ಕೈಯಿಂದಲ್ಲ, ಪ್ಲೈವುಡ್ಡಿನ ತುಂಡಿನಿಂದ ಮಾಡಿದ ತಳ್ಳುಗೋಲಿನಿಂದ ದೂಡಬೇಕು. ಕೊಯ್ದ ಚೂರನ್ನು ಚಕ್ರ ನಿಂತಮೇಲೆಯೇ ತೆಗೆಯಬೇಕು. ಗ್ರೈಂಡರಿಗೆ ಮರದ ಹಲ್ಲಿನ ಬಿಲ್ಲೆ ಹಾಕುವುದಂತೂ ಕೂಡದು.

ಉಡುಪಿನ ವಿಷಯ. ಮನೆಯಲ್ಲಿ ಲುಂಗಿ, ಅರ್ಧತೋಳಿನ ಬನಿಯನ್ನು ಎಂಬುದು ನಮ್ಮ ಭಾನುವಾರದ ಸಮವಸ್ತ್ರವಷ್ಟೆ. ಬನಿಯನ್ನು ಅಡ್ಡಿಯಿಲ್ಲ; ಲುಂಗಿ, ಟವೆಲು, ಸೆರಗು, ದುಪಟ್ಟಾ, ಬಿಟ್ಟ ಜಡೆ, ಉಂಗುರ, ಕೈಗೆ ಕಟ್ಟಿದ ದಾರ ಇವು ಯಾವುವೂ ತಿರುಗುವ ಯಂತ್ರದ ಬಳಿ ಸಲ್ಲವು. ಕೈಗವಸು ಹಾಕಿದರೆ ಕ್ಷೇಮವೆಂದು ನಾವೂ ತಿಳಿದಿದ್ದೆವು, ಅದು ತಪ್ಪು. ಹಲ್ಲು ಬಟ್ಟೆಯನ್ನು ಕಚ್ಚಿದರೆ ಕೈಯನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಕಣ್ಣಿಗೆ ಮಾತ್ರ ಪಕ್ಕವೂ ಮುಚ್ಚಿದ ಕನ್ನಡಕ ಬೇಕೇಬೇಕು.

ಬೆರಳಿನ ಭಯ ಎಲ್ಲರಿಗೂ ಇದೆ, ಧೂಳಿನ ಭಯ ಯಾರಿಗೂ ಇಲ್ಲ. ಇಂಗ್ಲೆಂಡಿನ ಹೈ ವಿಕಂಬ್ ಕುರ್ಚಿ ಮಾಡುವುದಕ್ಕೆ ಹೆಸರಾದ ಊರು. ಅಲ್ಲಿನ ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಎಂಬವರು ತಮ್ಮಲ್ಲಿಗೆ ಬರುವ ಮೂಗಿನ ಕ್ಯಾನ್ಸರಿನ ರೋಗಿಗಳಲ್ಲಿ ಪೀಠೋಪಕರಣದ ಕೆಲಸಗಾರರೇ ಹೆಚ್ಚೆಂದು ಗಮನಿಸಿದರು. ಸಂಗಡಿಗರೊಡನೆ ೧೯೬೮ರಲ್ಲಿ ಅದನ್ನು ಪ್ರಕಟಿಸಿದರು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೯೫ರಲ್ಲಿ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ದರ್ಜೆಗೆ ಸೇರಿಸಿತು. ಅವರು ವರ್ಷಗಟ್ಟಲೆ ದಿನವೂ ಉಸಿರಾಡಿದವರು ನಿಜ. ಆದರೂ ಬಾಲ್ಕನಿಯ ಬಾಗಿಲು ತೆರೆದಿಟ್ಟು, ಒಳಗೆ ತೊಟ್ಟಿಲ ಕೂಸನ್ನು ಮಲಗಿಸಿ ಎಂ.ಡಿ.ಎಫ್. ಹಲಗೆ ಕೊಯ್ಯುವುದು ಜಾಣತನವಲ್ಲ. ಕರೋನಾ ಕಾಲದ ಎನ್-೯೫ ಮುಖವಾಡಗಳು ಎಷ್ಟೋ ಮನೆಗಳಲ್ಲಿ ಉಳಿದಿವೆ. ಅವು ಇದಕ್ಕೆ ಒದಗುತ್ತವೆ. ಹೊಟ್ಟನ್ನು ಒಣಗಿದಂತೆ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಚರ್ಮ ಸೋಕಿದೊಡನೆ ಸೆಕೆಂಡಿನ ಸಾವಿರದಲ್ಲಿ ಐದು ಪಾಲಿನೊಳಗೆ ಚಕ್ರ ನಿಲ್ಲಿಸುವ ಗರಗಸವೊಂದನ್ನು ಅಮೆರಿಕದ ಸ್ಟೀವ್ ಗ್ಯಾಸ್ ಎಂಬವರು ರೂಪಿಸಿದ್ದಾರೆ. ಜನರ ಎದುರಿನಲ್ಲಿ ಅದಕ್ಕೆ ತಮ್ಮ ಬೆರಳನ್ನೇ ಒಡ್ಡಿ ತೋರಿಸಿದ ಧೀರರು. ನಮ್ಮ ಕಟರಿಗೆ ಆ ಜ್ಞಾನವಿಲ್ಲ. ಆದುದರಿಂದ ಕೆಟ್ಟದ್ದು ನಡೆದರೆ ಏನು ಮಾಡಬೇಕೆಂಬುದನ್ನು ಮನೆಯವರೆಲ್ಲರೂ ತಿಳಿದಿರಬೇಕು. ಗಾಯವನ್ನು ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ, ಕೈಯನ್ನು ಎತ್ತಿ ಹಿಡಿಯಬೇಕು. ಬೆರಳು ತುಂಡಾಗಿದ್ದರೆ ಅದನ್ನು ಹುಡುಕಿ, ಒದ್ದೆಯಾದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲೆ ಇಡಬೇಕು. ಮಂಜುಗಡ್ಡೆಗೆ ನೇರ ತಾಗಿದರೆ ಬೆರಳು ಕೆಡುತ್ತದೆ. ಕೆಲವು ಗಂಟೆಗಳೊಳಗೆ ತಲುಪಿದರೆ ಮರಳಿ ಜೋಡಿಸಬಲ್ಲ ಶಸ್ತ್ರವೈದ್ಯರು ಈ ಊರಿನಲ್ಲಿದ್ದಾರೆ. ೧೦೮ರ ಗಾಡಿ ೨೦೦೫ರಲ್ಲಿ ಮೊದಲು ಓಡಿದುದೇ ಹೈದರಾಬಾದಿನಲ್ಲಿ. ಆ ಅಂಕಿ ಮಕ್ಕಳಿಗೂ ಬಾಯಿಪಾಠವಾಗಿರಲಿ.

ಶೆಲ್ಫಿನ ಕಥೆ ಕೇಳುವಿರಾ? ಉಳಿದ ಪಟ್ಟಿಗಳನ್ನು ಪ್ಲೈವುಡ್ ಅಂಗಡಿಯವರ ದೊಡ್ಡ ಯಂತ್ರದಲ್ಲಿಯೇ ಅಳತೆ ಕೊಟ್ಟು ಕೊಯ್ಯಿಸಿದೆವು. ಮನೆಯವರಿಗೆ ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಾಣದು. ಚಿಕ್ಕಪುಟ್ಟದ್ದನ್ನೆಲ್ಲ ಕೈಗರಗಸದಿಂದ ಮುಗಿಸಿದೆವು. ದೀಪಾವಳಿಗೆ ನಿಂತಿತು. ಒಂದು ಕಾಲು ತುಸು ಗಿಡ್ಡ. ಅದರ ಅಡಿಗೆ ಮಗಳು ತನ್ನ ಹಳೆಯ ನೋಟುಬುಕ್ಕಿನ ರಟ್ಟು ಮಡಿಸಿ ಇಟ್ಟಿದ್ದಾಳೆ.